ಕಾಚಂಪುಳಿಗೊಂದು ವಿಳಾಸ

ನಾಪೋಕ್ಲು ಪೇಟೆ, ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ.
ಮೊಯ್ದು ಕಾಕನ ಮಗಳು ಸಫ್ರೀನಾ
ಕೀಲಿಮಣೆಯ ಮೇಲಿನ ಬಿಸ್ಕೆಟ್ ಪುಡಿ ಊದಿ ಹೇಳಿದಳು:
'ಮೊದಲು ಹೆಸರು, ಆಂಟಿ.'

ನನ್ನ ಚೀಲದಲ್ಲಿ ಹನ್ನೊಂದು ಬಾಟಲಿ.
ಯಾವುದಕ್ಕೂ ಹೆಸರಿರಲಿಲ್ಲ.
ಅತ್ತೆ ಅದರ ಕೊರಳಿಗೆ ನೂಲು ಕಟ್ಟುತ್ತಿದ್ದರು,
ಕೆಂಪಾದರೆ ಹೋದ ಮಳೆಯದ್ದು, ಬಿಳಿಯಾದರೆ ಅದರಾಚೆಯದ್ದು,
ನೂಲೇ ಇಲ್ಲದಿದ್ದರೆ ಮುಟ್ಟಬೇಡ, ಅದು ಮದುವೆಗೆ.

ಹುಳಿಯ ಹೆಸರಿಗೇ ಡಾಟ್ ಕಾಮ್ ಹಚ್ಚಿ ನೋಡಿದಳು.
ಯಾರದೋ ಆಗಿದೆ.
ಅಂಗಡಿಯಿಲ್ಲ, ಹುಳಿಯಿಲ್ಲ, ಬರೀ ಬಿಳಿ ಪುಟ,
'ಮಾರಾಟಕ್ಕಿದೆ' ಎಂಬ ಒಂದು ಸಾಲು.
ಆ ಬೆಲೆಗೆ ಎರಡು ಹಸು, ಒಂದು ಕರು ಬರುತ್ತವೆ.
ಬಿತ್ತದೆ ಬೇಲಿ ಹಾಕಿ ಕೂತ ಆ ಪುಣ್ಯಾತ್ಮ
ಪಾಣಪುಳಿಯ ಮರ ಕಂಡಿದ್ದಾನೋ ಇಲ್ಲವೋ.

ನಮ್ಮೂರಲ್ಲಿ ಐದು ಜನ ಪೂವಮ್ಮಂದಿರು. ನಾನೂ ಒಬ್ಬಳು.
ಹೆಸರಿಡುವಾಗ ಯಾರೂ ಕೇಳಲಿಲ್ಲ, ಖಾಲಿ ಇದೆಯಾ ಎಂದು.
ಅಂಚೆಯ ಬೆಳ್ಯಪ್ಪ ಮೂವತ್ತು ವರ್ಷದಲ್ಲಿ
ಒಂದು ಕಾಗದವನ್ನೂ ತಪ್ಪು ಪೂವಮ್ಮನಿಗೆ ಕೊಟ್ಟವನಲ್ಲ.
(ಒಮ್ಮೆ ಕೊಟ್ಟಿದ್ದ. ಓದಿ ಇಬ್ಬರೂ ನಕ್ಕೆವು.)
ಇಲ್ಲಿ ಹಾಗಲ್ಲ. ಒಂದು ಹೆಸರಿಗೆ ಒಬ್ಬನೇ ಯಜಮಾನ,
ಅವನೂ ವರ್ಷದ ಬಾಡಿಗೆಯವ.

'ನಡುವೆ ಅಡ್ಡಗೆರೆ ಹಾಕೋಣವಾ?'
'ಬಾಯಲ್ಲಿ ಹೇಳುವುದು ಹೇಗೆ? ಫೋನಿನಲ್ಲಿ
ಗೀಟು, ಗೀಟು ಅಂತ ಕಿರುಚಬೇಕಾ?'
ಅಳಿಸಿದಳು.

ಆಮೇಲೆ ಒಂದು ಪಟ್ಟಿ ತೆರೆದಳು,
ಜನ ಏನೆಂದು, ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ.
ಕಚಂಪುಲಿ. ಕಚ್ಚಂಪುಳಿ. ಕಾಚುಂಪುಲಿ.
ಬಾಯಲ್ಲಿ ನೀರೂರುವಾಗ ಕಾಗುಣಿತ ಯಾರಿಗೆ ಬೇಕು.
'ಈ ತಪ್ಪುಗಳನ್ನೂ ಪುಟದಲ್ಲಿ ಎಲ್ಲೋ ಇಡಬೇಕು, ಆಂಟಿ,
ದಾರಿ ತಪ್ಪಿದವರು ತಪ್ಪಿದ ದಾರಿಯಲ್ಲೇ ಬರುತ್ತಾರೆ.'

ಕೊಡಗು ಅನ್ನೋಣವೇ, ಕೂರ್ಗ್ ಅನ್ನೋಣವೇ?
ಇಪ್ಪತ್ತೆರಡರ ಹುಡುಗಿ ಪಂಚಾಯ್ತಿಕಟ್ಟೆಯ ಹಿರಿಯನಂತೆ ಹೇಳಿದಳು:
'ಕೊಡಗು ಅಂತ ಹುಡುಕುವವರ ಮನೆಯಲ್ಲಿ ಬಾಟಲಿ ಇರುತ್ತೆ.
ಕೂರ್ಗ್ ಅಂತ ಹುಡುಕುವವರು ಕೊಳ್ಳುತ್ತಾರೆ.'
ಹಲ್ಲು ಚುಳ್ಳೆಂದಿತು.
ಆದರೂ ಲೆಕ್ಕ ಸರಿಯಿತ್ತು.

ಬರೀ 'ವಿನೆಗರ್' ಎಂಬುದಕ್ಕೆ ಲಕ್ಷ ಜನ.
ಬೇಡ. ಆನೆ ನಡೆಯುವ ದಾರಿಯಲ್ಲಿ ಅಂಗಡಿ ಇಡಬಾರದು.
ಕೆಳಗೆ, ಇನ್ನೂ ಕೆಳಗೆ ಇಳಿಸಿದಳು:
'ಪಂದಿ ಕರಿ ಕಪ್ಪಾಗಲು ಏನು ಹಾಕಬೇಕು', ನೂರ ಹತ್ತು.
'ಹುಣಸೆ ಬದಲು ಕೂರ್ಗಿನ ಹುಳಿ', ನಲವತ್ತು.
ನಲವತ್ತು!
ಸಂತೆಯಲ್ಲಿ ನನ್ನ ಮುಂದೆ ನಲವತ್ತು ಜನ ನಿಂತದ್ದು ಯಾವಾಗ?

ಪಟ್ಟಿಯ ಬುಡದಲ್ಲಿ, ಸೊನ್ನೆಯ ಪಕ್ಕ, ಒಂದು ಸಾಲು:
'ಅಮ್ಮ ಮೀನಿಗೆ ಹಾಕುತ್ತಿದ್ದ ಕಪ್ಪು ಹುಳಿ ಹೆಸರೇನು'.
'ಅದನ್ನು ಬಿಡಿ, ಲೆಕ್ಕಕ್ಕೆ ಬರಲ್ಲ.'

ಹೆಸರು ಮರೆತು ರುಚಿ ಮಾತ್ರ ಉಳಿದ ಯಾರೋ
ಎಲ್ಲಿಯದೋ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಂತಾಯಿತು.
'ಅದಕ್ಕೊಂದು ಪುಟ ಬರಿ,' ಎಂದೆ.
'ಮಳೆಗೆ ಉದುರಿದ ಹಣ್ಣು ಆರಿಸುವುದು, ಬುಟ್ಟಿಯಲ್ಲಿ ಕೊಳೆಯಬಿಡುವುದು,
ತೊಟ್ಟಿಕ್ಕಿದ ರಸವನ್ನು ಮಡಕೆಯಲ್ಲಿ
ಸೌಟಿಗೆ ಅಂಟುವ ತನಕ ಕುದಿಸುವುದು, ಎಲ್ಲ ಬರಿ.
ಹೆಸರನ್ನು ಕೊನೆಗೆ ಹೇಳು.
ಇಲ್ಲ, ಮೊದಲೇ ಹೇಳು.
ಪಾಪ, ಒಲೆ ಉರಿಯುತ್ತಿರಬಹುದು.'

ಕಡೆಗೆ ಸಿಕ್ಕಿದ್ದು: ಕೂರ್ಗ್ ಕಪ್ಪುಹುಳಿ ಡಾಟ್ ಇನ್.
ಅರ್ಧ ಅವರ ಬಾಯಿಗೆ, ಅರ್ಧ ನಮ್ಮ ಬಾಯಿಗೆ.
ಹತ್ತೇ ನಿಮಿಷ ಹಿಡಿದಿಡುತ್ತದಂತೆ, ಅಷ್ಟರಲ್ಲಿ ದುಡ್ಡು ಕಟ್ಟಬೇಕು.
ಓಟಿಪಿ ಬರುವುದು ಗಂಡನ ಫೋನಿಗೆ,
ಗಂಡ ಕಕ್ಕಬ್ಬೆಯ ಮನೆಯಲ್ಲಿ,
ಅಲ್ಲಿ ಸಿಗ್ನಲ್ ಇರುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ.

ಲ್ಯಾಂಡ್‌ಲೈನಿಗೆ ಕರೆ ಮಾಡಿದೆ.
'ಟ್ಯಾಂಕು ಹತ್ತಿ. ಬೇಗ.'
'ಯಾಕೆ, ಏನಾಯ್ತು?'
'ಹೆಸರು ಹೋಗುತ್ತೆ.'

ರಿಸೀವರ್ ಬಿದ್ದ ಸದ್ದು. ನಾಯಿ ಬೊಗಳಿದ್ದು.
ಮರ್ಯಾದಸ್ಥ ಮನುಷ್ಯ,
ಓಡಿದ್ದಾರೆ.